ಬೆಳಗ್ಗೆ ಬೆಟ್ಟ, ಬಿಸಿಲೇರಿದಾಗ ಹೊಳೆ: ಮೈಸೂರಿನ ಸುತ್ತ ಒಂದು ದಿನದ ಸೈಕಲ್ ಸವಾರಿ

ಮೈಸೂರು ಅರಮನೆಯ ಬಳಿ ಹೊರಟು ಚಾಮುಂಡಿ ಬೆಟ್ಟ ಹತ್ತಿಳಿದು, ಶ್ರೀರಂಗಪಟ್ಟಣ, ರಂಗನತಿಟ್ಟು, ಕೃಷ್ಣರಾಜಸಾಗರಗಳನ್ನು ಬಳಸಿಕೊಂಡು ಮರಳಿದರೆ ಸುಮಾರು 80 ಕಿ.ಮೀ. ಆಗುತ್ತದೆ. ವಾರಕ್ಕೆರಡು ಸಲ 20-25 ಕಿ.ಮೀ. ತುಳಿಯುವ ರೂಢಿ ಇದ್ದವರು ಇದನ್ನು ಒಂದೇ ದಿನದಲ್ಲಿ ಮುಗಿಸಬಹುದು. ಕಾಲಿನ ಕಸುವನ್ನು ಯಾವ ಹೊತ್ತಿನಲ್ಲಿ ಎಷ್ಟು ಬಳಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲ ಸಲ ನಾನು ಈ ಸುತ್ತನ್ನು ಹಿಂದುಮುಂದಾಗಿ ಮಾಡಿದ್ದೆ. ತಂಪು ಹೊತ್ತನ್ನೆಲ್ಲ ಹೊಳೆಯ ದಂಡೆಯಲ್ಲಿ ಕಳೆದು, ಮಧ್ಯಾಹ್ನ ಎರಡಕ್ಕೆ ಬೆಟ್ಟದ ಬುಡಕ್ಕೆ ಬಂದೆ. ಅರ್ಧ ದಾರಿಯಲ್ಲಿ ತೊಡೆಗಳು ಹಿಡಿದುಕೊಂಡು, ಸೈಕಲನ್ನು ತಳ್ಳಿಕೊಂಡೇ ಹೋಗಬೇಕಾಯಿತು. ಅಂದಿನಿಂದ ನನ್ನ ಮಟ್ಟಿಗೆ ಬೆಟ್ಟವೇ ಮೊದಲು.

ಹಿಂದಿನ ಸಂಜೆ

ಸೀಟಿನ ಎತ್ತರ ಸರಿಪಡಿಸಿ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ಕೆಳತುದಿಯಲ್ಲಿದ್ದರೆ ಕಾಲು ನೇರವಾಗಿ ಚಾಚಿಕೊಳ್ಳಬೇಕು. ಸೀಟು ಇದಕ್ಕಿಂತ ತಗ್ಗಿದ್ದರೆ ಸಂಜೆಯ ಹೊತ್ತಿಗೆ ಮಂಡಿ ನೋಯುತ್ತದೆ. ಬ್ರೇಕ್ ಹಿಡಿದು ನೋಡಿ, ಚೈನಿಗೆ ಎಣ್ಣೆ ಬಿಡಿ, ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ ಗಾಳಿ ತುಂಬಿ. ಚೀಲದಲ್ಲಿ ಒಂದು ಹೊಸ ಟ್ಯೂಬ್, ಪಂಕ್ಚರ್ ಸಾಮಾನು, ಕೈಪಂಪು, ಅಲೆನ್ ಕೀ (ಆರು ಮೂಲೆಯ ಬೋಲ್ಟ್ ತಿರುಗಿಸುವ ಕೀ), ಎರಡು ಬಾಟಲಿ ನೀರು, ಓಆರ್‌ಎಸ್ ಪೊಟ್ಟಣ, ಬಾಳೆಹಣ್ಣು ಮತ್ತು ಕಡಲೆ ಮಿಠಾಯಿ ಇರಲಿ. ಟ್ಯೂಬ್ ಬದಲಿಸಲು ಬಾರದಿದ್ದರೆ ಮನೆಯಲ್ಲೇ ಒಮ್ಮೆ ಬಿಚ್ಚಿ ಹಾಕಿ ಕಲಿತುಕೊಳ್ಳಿ. ಈ ಸವಾರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಹಿತ.

ಬೆಟ್ಟ

ಐದೂವರೆಗೆ ಹೊರಡಿ. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಅರಮನೆಯ ಸುತ್ತಿನಿಂದ ಮೃಗಾಲಯ, ಕಾರಂಜಿ ಕೆರೆಯ ಕಡೆಗೆ ಹೋಗಿ ಲಲಿತಮಹಲ್ ರಸ್ತೆ ಹಿಡಿಯಿರಿ. ಆ ಹೊತ್ತಿನ ಮೈಸೂರು ಸೈಕಲ್ಲಿಗಾಗಿಯೇ ಕಟ್ಟಿದ ಊರಿನಂತಿರುತ್ತದೆ. ಈ ಸಮತಟ್ಟು ದಾರಿಯಲ್ಲಿ ಮೈ ಬೆಚ್ಚಗಾಗಲಿ, ವೇಗ ಬೇಡ.

ಬುಡದಿಂದ ನೆತ್ತಿಗೆ ಸುಮಾರು 300 ಮೀಟರ್ ಏರು. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಪೆಡಲ್ ಬಿಗಿಯಾದ ಮೇಲೆ ಗೇರ್ ಬದಲಿಸಿದರೆ ಚೈನ್ ಜಾರುತ್ತದೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟು ಉಸಿರು ಉಳಿದಿರಲಿ. ಮಾತು ತುಂಡಾಗತೊಡಗಿದರೆ ನಿಧಾನಿಸಿ. ಸೀಟಿನಿಂದ ಎದ್ದು ನಿಂತು ತುಳಿಯುವುದನ್ನು ತಿರುವುಗಳ ಕಡಿದಾದ ತುಣುಕುಗಳಿಗಷ್ಟೇ ಇಟ್ಟುಕೊಳ್ಳಿ. ಹಿಡಿಕೆಯನ್ನು ಅವಚಿ ಹಿಡಿಯಬೇಡಿ, ಭುಜ ಸಡಿಲವಾಗಿರಲಿ. ನಡುವೆ ನಿಂತು ಕೆಳಗೆ ಹರಡಿದ ಊರನ್ನು ನೋಡುವುದರಲ್ಲಿ ಯಾವ ಸೋಲೂ ಇಲ್ಲ. ಆದರೆ ಕೋತಿಗಳ ಎದುರು ತಿಂಡಿಯ ಚೀಲ ಬಿಚ್ಚಬೇಡಿ. ಆಷಾಢ ಶುಕ್ರವಾರಗಳಲ್ಲಿ ಭಕ್ತರ ನೂಕುನುಗ್ಗಲು ಇರುವುದರಿಂದ ಆ ದಿನಗಳನ್ನು ಬಿಟ್ಟುಬಿಡಿ.

ಇಳಿಯುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ಒಳಗೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ಒಳಬದಿಯ ಪೆಡಲ್ ಮೇಲಿರಲಿ.

ಹೊಳೆ

ಕೆಳಗಿಳಿದ ಮೇಲೆ ಇಡ್ಲಿ ತಿನ್ನಿ. ಎಣ್ಣೆಯ ವಡೆ, ಪೂರಿ ಇಂದು ಬೇಡ. ಹೊರವರ್ತುಲ ರಸ್ತೆಯಿಂದ ಬೆಂಗಳೂರು ದಾರಿಗೆ ಬಂದರೆ ಸರ್ವಿಸ್ ರಸ್ತೆಯಲ್ಲೇ ಸಾಗಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಶ್ರೀರಂಗಪಟ್ಟಣಕ್ಕೆ ಸಾಗುವ ದಾರಿ ಒಟ್ಟಾರೆ ಇಳಿಜಾರು. ಇಲ್ಲಿ ಸಿಗುವ ಸುಲಭದ ವೇಗಕ್ಕೆ ಮರುಳಾಗಬೇಡಿ, ಹಿಂದಿರುಗುವಾಗ ಅಷ್ಟನ್ನೂ ಏರಬೇಕು.

ಹಸಿವಾಗುವ ಮುಂಚೆ ತಿನ್ನಿ, ಬಾಯಾರುವ ಮುಂಚೆ ಕುಡಿಯಿರಿ. ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು, ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆ ಮಿಠಾಯಿಯೋ ಸಾಕು. ಎಳನೀರು, ಮಜ್ಜಿಗೆ ಸಿಕ್ಕಲ್ಲಿ ನಿಲ್ಲಿ.

ಬಿಸಿಲು ಏರುವ ಹೊತ್ತಿಗೆ ರಂಗನತಿಟ್ಟು ತಲುಪಿದರೆ ಒಂದು ಗಂಟೆಯಾದರೂ ಅಲ್ಲಿರಿ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳು 2022ರಲ್ಲಿ, ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿವೆ. ಬಣ್ಣದ ಕೊಕ್ಕರೆಗಳು ಮರ ತುಂಬಿ ಕುಳಿತಿರುವುದನ್ನು ನೋಡುತ್ತ ನೆರಳಿನಲ್ಲಿ ಕಾಲು ಚಾಚಿದರೆ, ಬೆಳಗಿನ ಬೆಟ್ಟ ತೊಡೆಗಳಿಂದ ಇಳಿದುಹೋಗುತ್ತದೆ.

ಪಾಲಹಳ್ಳಿಯ ಕಡೆಯಿಂದ ಕೆಆರ್‌ಎಸ್‌ಗೆ ಹೋಗುವಾಗ ಗದ್ದೆ, ಕಬ್ಬಿನ ತೋಟಗಳ ನಡುವೆ ನಾಲೆಗಳು ಸಿಗುತ್ತವೆ. ತಡೆಗೋಡೆ ಇಲ್ಲದ ನಾಲೆ ಏರಿಯ ಮೇಲೆ ಅಂಚಿಗೆ ಹೋಗಬೇಡಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದರೆ ಪೂರ್ತಿ ನಿಂತು ದಾರಿ ಬಿಡಿ, ಹೊರೆ ರಸ್ತೆಯ ಅಗಲಕ್ಕೂ ಚಾಚಿರುತ್ತದೆ.

ಅಣೆಕಟ್ಟೆಯ ಬಳಿಯಿಂದ ಮೂರು ಗಂಟೆಯ ಸುಮಾರಿಗೆ ಹೊರಡಿ. ಮೈಸೂರಿನ ಕಡೆಗೆ ಮೆಲ್ಲಗೆ ಏರುವ ಈ ರಸ್ತೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ, ಆದರೆ ದಣಿದ ಕಾಲಿಗೆ ಗೊತ್ತಾಗುತ್ತದೆ. ಒಂದು ಗೇರ್ ಕೆಳಗಿಳಿಸಿ ಬೆಳಗಿನ ಲಯಕ್ಕೇ ಮರಳಿ. ಮೇಟಗಳ್ಳಿ ಬಂದರೆ ನಗರದ ಬಸ್ಸು, ಲಾರಿಗಳ ನಡುವೆ ಬಂದಂತೆ. ಅಲ್ಲಿ ನಿಂತು ಒಂದು ಬಾಟಲಿ ನೀರು ತುಂಬಿಕೊಂಡು, ಬೆಳಕಿದ್ದರೂ ಹಿಂದಿನ ಕೆಂಪು ದೀಪ ಹಚ್ಚಿಕೊಂಡು ಎಡಬದಿಯಲ್ಲೇ ಊರೊಳಗೆ ಬನ್ನಿ.