ಆಲಮಟ್ಟಿ ಹಿನ್ನೀರಿನಲ್ಲಿ ಬೋಟ್ ಓಡಿಸುವುದು: ನನ್ನ ಅನುಭವ

ಫೋನ್ ಮಾಡಿದವರು ಮೊದಲು ರೇಟು ಕೇಳುತ್ತಾರೆ. ನಾನು ಯಾವ ತಾರೀಖು ಅಂತ ಕೇಳಿಕೊಂಡು, ಆಲಮಟ್ಟಿ ಜಲಾಶಯದ ನೀರಿನ ಮಟ್ಟ ನೋಡಿದ ಮೇಲೇ ಹೂಂ ಅನ್ನುತ್ತೇನೆ. ವಿಜಯಪುರ ಜಿಲ್ಲೆಯ ಕೊಲ್ಹಾರದ ಹತ್ತಿರ ಕೃಷ್ಣೆಯ ಹಿನ್ನೀರಿನಲ್ಲಿ ಸಣ್ಣದೊಂದು ಫೈಬರ್ ಬೋಟ್ ಇಟ್ಟುಕೊಂಡಿದ್ದೇನೆ. ಹಕ್ಕಿ ನೋಡುವವರು, ಗಾಳ ಹಾಕುವವರು, ಇಬ್ಬರೂ ಬರುತ್ತಾರೆ. ಈ ಧಂದೆಯಲ್ಲಿ ಇಂಜಿನ್, ಜಾಹೀರಾತು ಎಲ್ಲ ಆಮೇಲಿನ ಮಾತು. ಇವತ್ತು ನೀರು ಎಲ್ಲಿವರೆಗೆ ನಿಂತಿದೆ ಅನ್ನೋದು ಗೊತ್ತಿಲ್ಲದಿದ್ದರೆ ಬೋಟ್ ಬಿಚ್ಚಲೇಬಾರದು.

ಜಲಾಶಯ ತುಂಬಿದರೆ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಹಾರಾಷ್ಟ್ರದಲ್ಲಿ ಚೆನ್ನಾಗಿ ಮಳೆಯಾದ ವರ್ಷ ಆಗಸ್ಟ್ ಹೊತ್ತಿಗೆ ಅಷ್ಟು ಬರುತ್ತದೆ. ಆಗ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ನಿಂತರೆ ಎರಡೂ ಕಡೆ ನೀರೇ ನೀರು. ನೋಡೋಕೆ ಚೆಂದ, ಹಕ್ಕಿ ಮಾತ್ರ ಕಡಿಮೆ. ಕಾಲೂರಿ ಮೇಯುವ ಹಕ್ಕಿಗೆ ತೆಳು ನೀರು ಬೇಕು ಅಲ್ವಾ? ಚಳಿಗಾಲ ಕಳೆದಂತೆ ಕಾಲುವೆಗೆ ನೀರು ಹೋಗಿ ಹೋಗಿ ಮಟ್ಟ ಇಳಿಯುತ್ತದೆ. ನಮ್ಮದು ಸಪಾಟು ಎರೆ ನೆಲ. ನೀರು ಸ್ವಲ್ಪ ಇಳಿದರೂ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಅಲ್ಲಿ ಉಳಿಯುವ ಕೆಸರು, ಮೊಣಕಾಲುದ್ದದ ನೀರು ಫ್ಲೆಮಿಂಗೊಗಳಿಗೆ ಊಟದ ಜಾಗ. ಬೀಳಗಿ ಕಡೆಯ ಹೆರಕಲ್ ಹಿನ್ನೀರಿಗೆ ಕ್ಯಾಮೆರಾ ಹಿಡಿದವರು ಬಿಸಿಲು ಏರುವ ಕಾಲದಲ್ಲೇ ಬರುವುದು ಅದಕ್ಕೆ.

ನೀರು ಇಳಿದಂತೆ ಇನ್ನೊಂದು ತಾಪತ್ರಯ ಶುರುವಾಗುತ್ತದೆ. ಮುಳುಗಿದ ಊರುಗಳ ಗೋಡೆ, ಬಾವಿ ಕಟ್ಟೆ, ಜಾಲಿ ಗಿಡದ ಬೊಡ್ಡೆ ಎಲ್ಲ ಕೆಳಗೇ ಇವೆ. ಮೇಲೆ ಕಾಣುವ ಕಲ್ಲಿಗೆ ನಾನು ಹೆದರುವುದಿಲ್ಲ. ಒಂದು ಗೇಣು ನೀರಿನ ಕೆಳಗೆ ಅಡಗಿರುವ ಗೋಡೆಗೆ ಹೆದರುತ್ತೇನೆ. ನೀರೊಳಗೆ ತಿರುಗುವ ಇಂಜಿನ್ ಫ್ಯಾನ್ ಅದಕ್ಕೆ ಬಡಿದರೆ ರೆಕ್ಕೆ ಹೋಯಿತು, ಆ ದಿನದ ಟ್ರಿಪ್ಪೂ ಹೋಯಿತು. ಹೀಗಾಗಿ ಬೋಟ್ ಕೊಳ್ಳುವ ಮೊದಲೇ, ಮೇ ತಿಂಗಳಲ್ಲಿ ನೀರು ತೀರಾ ಕೆಳಗೆ ಹೋದಾಗ, ಬೈಕ್ ಹೊಡೆದುಕೊಂಡು ಆ ಒಣ ನೆಲವೆಲ್ಲ ಸುತ್ತಿದೆ. ಒಂದೊಂದು ಗೋಡೆಯ ಪಕ್ಕ ನಿಂತು ಮೊಬೈಲ್ ಮ್ಯಾಪ್‌ನಲ್ಲಿ ಗುರುತು ಹಾಕಿಕೊಂಡೆ. ಹಳೇ ಊರು ಕಂಡ ಹಿರಿಯರೊಬ್ಬರನ್ನು ಹಿಂದೆ ಕೂರಿಸಿಕೊಂಡಿದ್ದೆ. “ತಮ್ಮಾ, ಇಲ್ಲೇ ನಿಂದ್ರಸು. ಇದು ನಮ್ಮ ಕಾಕಾನ ಮನಿ. ಮುಂದ ಹಗೇವು ಐತಿ ನೋಡು, ಕಾಲಿಟ್ಟಿ ಅಂದ್ರ ಒಳಗ ಹೋಗ್ತಿ” ಅಂತ ಪ್ರತಿಯೊಂದನ್ನೂ ತೋರಿಸಿದರು. ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಈಗ ಮಟ್ಟ ಇಷ್ಟಿದೆ ಅಂದರೆ ಯಾವ ಗೋಡೆ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಿಬಿಡುತ್ತೇನೆ. ಈ ಕೆಲಸಕ್ಕೆ ಇಳಿಯುವವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ: ದುಡ್ಡು ಹಾಕುವ ಮೊದಲು ಒಂದು ಬೇಸಿಗೆ ಆ ನೆಲದ ಮೇಲೆ ಓಡಾಡಿ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಂಜಿನ್ ಇರುವ ಬೋಟ್‌ಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ತಪಾಸಣೆ, ನೋಂದಣಿ ಆಗಬೇಕು. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿದೆ, ಅವರನ್ನು ಕೇಳದೆ ಏನೂ ಆಗುವುದಿಲ್ಲ. ಮೀನು ಹಿಡಿಯುವುದಿದ್ದರೆ ಮೀನುಗಾರಿಕೆ ಇಲಾಖೆಯಲ್ಲೂ ವಿಚಾರಿಸಬೇಕು. ವಿಮೆ ಬಿಡಬೇಡಿ.

ಇಂಜಿನ್ ನಾಲ್ಕು ಸ್ಟ್ರೋಕಿನದು ತಗೊಂಡೆ. ಎರಡು ಸ್ಟ್ರೋಕಿನದು ಹಗುರ, ರಿಪೇರಿಯೂ ಸುಲಭ, ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ಬೇರೆ, ಮತ್ತೆ ಆ ಸದ್ದು! ಹಕ್ಕಿ ತೋರಿಸುವವನಿಗೆ ಅದು ಆಗಿಬರುವುದಿಲ್ಲ. ಇಂಜಿನ್ ಚಾಲೂ ಆದಾಗ ಹಿಂದೆ ಒಂದು ಸಣ್ಣ ತೂತಿನಿಂದ ಹುಡುಗ ಉಚ್ಚೆ ಹೊಯ್ದಂತೆ ನೀರಿನ ಧಾರೆ ಬರುತ್ತಿರುತ್ತದೆ. ಇಂಜಿನ್ ತಣ್ಣಗಿಡುವ ನೀರು ಅದು. ನನ್ನ ಒಂದು ಕಣ್ಣು ಯಾವಾಗಲೂ ಅದರ ಮೇಲೇ. ಧಾರೆ ಸಣ್ಣದಾಯಿತು ಅಂದರೆ ಕೆಳಗೆ ನೀರು ಎಳೆದುಕೊಳ್ಳುವ ಜಾಲರಿಗೆ ಅಂತರಗಂಗೆಯೋ ಪ್ಲಾಸ್ಟಿಕ್ ಚೀಲವೋ ಸಿಕ್ಕಿದೆ. ತಕ್ಷಣ ಬಂದ್ ಮಾಡಿ, ಇಂಜಿನ್ ಮೇಲೆತ್ತಿ ಬಿಡಿಸಬೇಕು. ಇನ್ನೂ ಸ್ವಲ್ಪ ದೂರ ಹೋಗೋಣ ಅಂದುಕೊಂಡರೆ ಇಂಜಿನ್ ಕಾದು ಕೂರುತ್ತದೆ.

ಬೋಟ್ ಬಂದಾಗ ಹಾಲಿನ ಬಣ್ಣದ್ದಿತ್ತು. ಬಿಸಿಲಿಗೆ ದೂರದಿಂದಲೇ ಹೊಳೆಯುತ್ತದೆ ಅಂತ ಕೆಸರು ಬಣ್ಣ ಬಳಿಸಿದೆ. ಪ್ಲಾಸ್ಟಿಕ್ ಕುರ್ಚಿ ಇಡಲಿಲ್ಲ, ಅಲುಗಾಡದ ಬೆಂಚು ಹಾಕಿಸಿದೆ. ರೇಟು ತಲೆಗಿಷ್ಟು ಅಂತಿಲ್ಲ, ಇಡೀ ಬೋಟ್‌ಗೆ ಇಷ್ಟು ಅಂತ. ತಲೆ ಲೆಕ್ಕ ಇಟ್ಟರೆ ಇನ್ನಿಬ್ಬರನ್ನು ತುಂಬೋಣ ಅಂತ ನಮಗೇ ಆಸೆ ಹುಟ್ಟುತ್ತದೆ. ಲೈಫ್ ಜಾಕೆಟ್ ವಿಷಯದಲ್ಲಿ ದಿನಾ ಒಂದು ವಾದ ಇದ್ದದ್ದೇ. “ನನಗ ಸಣ್ಣಂದಿರಿಂದ ಈಜು ಬರ್ತದ, ಇದೆಲ್ಲ ಯಾಕ್ರಿ?” ಅನ್ನುತ್ತಾರೆ. “ಕಾಕಾರ, ನಿಮಗ ಈಜು ಬರ್ತದ, ನನ್ನ ಇಂಜಿನ್ನಿಗೆ ಬರಂಗಿಲ್ಲ. ನೀವು ಹಾಕ್ಕೊಂಡ್ರನ ಅದು ಚಾಲೂ ಆಗ್ತದ್ರಿ” ಅಂದರೆ ನಗುತ್ತಾ ಹಾಕಿಕೊಳ್ಳುತ್ತಾರೆ. ಬಾಟ್ಲಿ ತರುವವರಿಗೆ ಮಾತ್ರ ಈ ನಗು ಇಲ್ಲ, ದಡದಿಂದಲೇ ವಾಪಸ್.

ಹಕ್ಕಿ ಟ್ರಿಪ್ಪಿಗೂ ಗಾಳದ ಟ್ರಿಪ್ಪಿಗೂ ಗಂಟು ಹಾಕುವುದಿಲ್ಲ. ಗಾಳದವರಿಗೆ ಒಂದೇ ಕಡೆ ತಾಸುಗಟ್ಟಲೆ ಕೂರಬೇಕು, ಹಕ್ಕಿಯವರಿಗೆ ಮುಂದಿನ ತಿರುವಿನಲ್ಲಿ ಏನಿದೆಯೋ ಅನ್ನುವ ಆತುರ.

ಹಕ್ಕಿಗೆ ಬೆಳಗಿನ ಹೊತ್ತೇ ಸರಿ. ಗಾಳಿ ಇರುವುದಿಲ್ಲ, ಬೆಳಕು ಮೆತ್ತಗಿರುತ್ತದೆ. ಚಳಿಗಾಲಕ್ಕೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿದು ಬೆಳೆ ಮೇಯ್ದು, ಬೆಳಗಾದ ಮೇಲೆ ನೀರಿಗೆ ಬಂದು ಕೂರುತ್ತವೆ. ಎಲ್ಲಿ ಕೂತಿವೆ ಅಂತ ನನಗೆ ಹೇಳುವವರು ತೆಪ್ಪದ ಮೀನುಗಾರರು. ನಸುಕಿನಲ್ಲಿ ಬಲೆ ಎತ್ತಲು ಹೋದವರೇ ಫೋನ್ ಮಾಡುತ್ತಾರೆ. ಅದಕ್ಕೆ ನಾನೂ ಅವರ ಬಲೆಗೆ ತೊಂದರೆ ಕೊಡುವುದಿಲ್ಲ. ನೀರಿನ ಮೇಲೆ ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತಲೇ ಅರ್ಥ. ಎಷ್ಟೇ ಸುತ್ತಾದರೂ ಬಳಸಿಕೊಂಡೇ ಹೋಗುತ್ತೇನೆ.

ಹತ್ತಿರ ಹೋಗುವುದರಲ್ಲೇ ಕಸುಬಿದೆ. ದೂರದಲ್ಲೇ ಇಂಜಿನ್ ಬಂದ್ ಮಾಡಿ ಬಿದಿರಿನ ಗಳ ಊರುತ್ತಾ ಹೋಗಬೇಕು. ನೇರವಾಗಿ ಹಕ್ಕಿಗೆ ಮುಖ ಮಾಡಬಾರದು, ಪಕ್ಕಕ್ಕೆ ಎಲ್ಲೋ ಹೊರಟವರಂತೆ ಓರೆಯಾಗಿ ಸಾಗಬೇಕು. ಫ್ಲೆಮಿಂಗೊಗಳು ತಲೆ ಕೆಳಗೆ ಹಾಕಿ ಮೇಯುತ್ತಿದ್ದರೆ ತೊಂದರೆಯಿಲ್ಲ. ಕತ್ತು ಮೇಲೆದ್ದು, ಎಲ್ಲವೂ ಒಟ್ಟಿಗೆ ಒಂದೇ ಕಡೆ ನಡೆಯತೊಡಗಿದರೆ ಗಳ ಅಲ್ಲೇ ನಿಲ್ಲಿಸುತ್ತೇನೆ. ಆಮೇಲೆ ಅವು ಓಡಿ ಹಾರುವುದೇ. “ಸರ್, ಸ್ವಲ್ಪ ಎಬ್ಬಿಸ್ರಲ್ಲ, ಹಾರೋ ಫೋಟೊ ಬೇಕು” ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಮುಂದಿನ ಸಲ ನನ್ನ ಬೋಟ್ ಖಾಲಿ ಇರುವುದಿಲ್ಲ!

ಮಾರ್ಚ್‌ನಿಂದ ನಡುಗಡ್ಡೆಗಳ ಮೇಲೆ ಯಾರನ್ನೂ ಇಳಿಸುವುದಿಲ್ಲ. ಹೊಳೆ ರೀವ (ರಿವರ್ ಟರ್ನ್) ಹಕ್ಕಿಗಳು ಬರೀ ನೆಲದ ಮೇಲೇ ಮೊಟ್ಟೆ ಇಡುತ್ತವೆ, ಹರಳುಕಲ್ಲಿನ ಬಣ್ಣವೇ ಮೊಟ್ಟೆಗೂ. ಕಾಲ ಕೆಳಗೆ ಸಿಕ್ಕರೂ ತಿಳಿಯುವುದಿಲ್ಲ. ತಾಯಿ ಹೆದರಿ ಎದ್ದುಹೋದರೆ ನಮ್ಮ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತದೆ. ಮೊಸಳೆಗಳೂ ಇವೆ. ಚಳಿಯ ಬೆಳಿಗ್ಗೆ ದಡದಲ್ಲಿ ಮೈ ಕಾಯಿಸುತ್ತಾ ಬಿದ್ದಿರುತ್ತವೆ. ನೀರಿಗೆ ಕೈ ಇಳಿಬಿಡಬೇಡಿ ಅಂತ ಮಕ್ಕಳಿಗಿಂತ ಜಾಸ್ತಿ ದೊಡ್ಡವರಿಗೇ ಹೇಳಬೇಕಾಗುತ್ತದೆ.

ಗಾಳದವರನ್ನು ಗಾಳಿ ತಗ್ಗಿದ ಮೇಲೆ, ಇಳಿಹೊತ್ತಿನಲ್ಲಿ ಕರೆದೊಯ್ಯುತ್ತೇನೆ. ಗಾಣದ ಹಿಂಡಿ, ಅಕ್ಕಿ ತೌಡು ಕಲಸಿ ಉಂಡೆ ಮಾಡಿ ಗಾಳಕ್ಕೆ ಒತ್ತುವುದು ರೂಢಿ. ಉಂಡೆಗಿಂತ ಆಳ ಮುಖ್ಯ. ಕಾಟ್ಲಾ ಮೇಲ್ನೀರಿನಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಎಲ್ಲರೂ ಒಂದೇ ಆಳಕ್ಕೆ ಬಿಟ್ಟು ಮೀನೇ ಇಲ್ಲ ಅಂತ ಗೊಣಗುತ್ತಾರೆ. ಮೂರು ಗಾಳ ಮೂರು ಆಳಕ್ಕೆ ಬಿಡಿಸಿ, ಎಲ್ಲಿ ಎಳೆಯುತ್ತದೋ ಆ ಆಳಕ್ಕೆ ಉಳಿದವನ್ನೂ ತರಿಸುತ್ತೇನೆ. ಬೋಟ್‌ನಲ್ಲಿ ಮೀನು ಕೊಯ್ದು ತೊಳೆಯುವಂತಿಲ್ಲ.

ಬೋಟ್‌ನಲ್ಲಿ ಶೌಚಾಲಯ ಇಲ್ಲ ಅಂತ ಬುಕಿಂಗ್ ವೇಳೆಯೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿದ್ದರೆ ಟ್ರಿಪ್ ಚಿಕ್ಕದಾಗಿ ಮುಗಿಸುತ್ತೇನೆ. ಊಟ ದಡಕ್ಕೆ ಬಂದ ಮೇಲೆ: ಜೋಳದ ರೊಟ್ಟಿ, ಪಲ್ಯ, ಮಣ್ಣಿನ ಗಡಿಗೆಯಲ್ಲಿ ಕೊಲ್ಹಾರದ ಗಟ್ಟಿ ಮೊಸರು. ಹಕ್ಕಿ ಸಿಗದ ದಿನವೂ ಮೊಸರು ಸಿಗುತ್ತದೆ, ಜನ ಬೈಯದೆ ಹೋಗುತ್ತಾರೆ.

ಜೂನ್ ಬಂತೆಂದರೆ ಗಾಳಿ ಜೋರು, ತೆರೆ ಏಳುತ್ತವೆ, ಮೀನು ಮೊಟ್ಟೆ ಇಡುವ ಕಾಲವೂ ಅದೇ. ಬೋಟ್ ದಡಕ್ಕೆ ಎಳೆದು, ಇಂಜಿನ್ ಬಿಚ್ಚಿ ಸರ್ವೀಸ್‌ಗೆ ಕೊಡುತ್ತೇನೆ. ಜಲಾಶಯವನ್ನು 524.256 ಮೀಟರ್‌ವರೆಗೆ ತುಂಬಿಸುವ ಯೋಜನೆಯಿದೆ. ಅದು ಆದರೆ ನಾನು ಗುರುತು ಹಾಕಿದ ಗೋಡೆಗಳ ಮೇಲೆ ಇನ್ನೂ ನಾಲ್ಕೂವರೆ ಮೀಟರ್‌ನಷ್ಟು ನೀರು ಏರುತ್ತದೆ, ಬೋಟ್ ಕಟ್ಟುವ ದಡವೂ ಬೇರೆಯಾಗುತ್ತದೆ. ಆಗ ಮತ್ತೆ ಬೈಕ್ ತೆಗೆದು, ಇನ್ನೂ ಮೇಲಿರುವ ಹೊಲಗಳನ್ನು ಸುತ್ತಬೇಕು.