ಕುತ್ತಿಗೆಯ ಬ್ಲಾಕ್‌ಗೆ ಎರಡು ಯಂತ್ರ: ನನ್ನ ಅನುಭವ

“ಬಸುರಿಯರ ಹೊಟ್ಟೆ ನೋಡುವ ಯಂತ್ರ ಹಿಡಿದು ಕುತ್ತಿಗೆಗೆ ಚುಚ್ಚುತ್ತೀಯಾ?” ಎಂದು ನಾನು ಅಲ್ಟ್ರಾಸೌಂಡ್ ಕೊಂಡಾಗ ನಕ್ಕಿದ್ದ ಮೂಳೆತಜ್ಞ ಗೆಳೆಯ ಕಳೆದ ತಿಂಗಳು ತನ್ನ ಅತ್ತೆಯನ್ನೇ ನನ್ನ ಬಳಿ ಕರೆತಂದ. ಬರೆಯಲು ಇಷ್ಟು ನೆಪ ಸಾಕು.

ಕುತ್ತಿಗೆಯ ನರಮೂಲದ ಬ್ಲಾಕನ್ನು, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಜಾಗದಲ್ಲಿ ನೋವಿಗೆ ಕೊಡುವ ಚುಚ್ಚುಮದ್ದನ್ನು, ಏಳೆಂಟು ವರ್ಷ ಸಿ-ಆರ್ಮ್ (ಲೈವ್ ಎಕ್ಸ್‌ರೇ ಯಂತ್ರ) ಒಂದನ್ನೇ ನಂಬಿ ಮಾಡಿದೆ. ಅದರಲ್ಲಿ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ದ್ರವ, ಕಾಂಟ್ರಾಸ್ಟ್, ಹರಿದುಹೋದ ಮೇಲೆಯೇ ಸೂಜಿ ನಾಳದೊಳಗಿದೆ ಎಂದು ಗೊತ್ತಾಗುವುದು. ಒಮ್ಮೆ ಹಾಗೇ ಆಯಿತು. ಔಷಧ ಕೊಡದೆ ಸೂಜಿ ತೆಗೆದೆ. ರಾತ್ರಿ ನಿದ್ದೆ ಬರಲಿಲ್ಲ. ಬೆನ್ನುಹುರಿಯ ಹೊದಿಕೆಯ ಹೊರಗೆ ಕೊಡುವ ಎಪಿಡ್ಯೂರಲ್ ಸ್ಟೆರಾಯ್ಡ್ ಬಗ್ಗೆ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಎಚ್ಚರಿಸಿದಾಗಲೇ, ನಾಳ ಕಟ್ಟಬಲ್ಲ ಕಣಗಳಿರುವ ಟ್ರಯಾಮ್ಸಿನೊಲೋನ್ ನನ್ನ ಟ್ರೇಯಿಂದ ಹೊರಬಿದ್ದಿತ್ತು. ಕುತ್ತಿಗೆಗೆ ಕಣಗಳಿಲ್ಲದ ಡೆಕ್ಸಾಮೆಥಾಸೋನ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ಹಳೆಯ ಅಲ್ಟ್ರಾಸೌಂಡ್ ಯಂತ್ರ, ಮೈಮೇಲಿಡುವ ಲೀನಿಯರ್ ಪ್ರೋಬ್ ಸೇರಿ ಆರು ಲಕ್ಷದ ಆಸುಪಾಸು ಬಿತ್ತು. ಹಣಕ್ಕಿಂತ ಹೆಚ್ಚು ಸುಸ್ತು ಮಾಡಿದ್ದು ನೋಂದಣಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ ನೀವು ಕುತ್ತಿಗೆ ನೋಡುತ್ತೀರೋ ಹೊಟ್ಟೆ ನೋಡುತ್ತೀರೋ ಎಂಬ ಭೇದವಿಲ್ಲ. ನಾಲ್ಕೈದು ತಿಂಗಳು ಕಂತು ಕಟ್ಟಿದೆ, ಯಂತ್ರ ಮಾತ್ರ ಪೆಟ್ಟಿಗೆಯಲ್ಲೇ ಇತ್ತು.

ಕಲಿತದ್ದು ಅಡುಗೆಮನೆಯಲ್ಲಿ. ಮಾಂಸದಂಗಡಿಯಿಂದ ಮೇಕೆಯ ಕತ್ತಿನ ಮೂಳೆ ತಂದು, ಚೈನಾ ಗ್ರಾಸ್ ಕಾಯಿಸಿ ಅದರಲ್ಲಿ ಮುಳುಗಿಸಿದೆ. ಬರೀ ಜೆಲ್ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಒಂದೆರಡು ಚಮಚ ಇಸಬ್ಗೋಲ್ ಬೆರೆಸಿದ ಮೇಲೆ ಸ್ನಾಯುವಿನಂತಾಯಿತು. ಫ್ರಿಜ್ ತೆರೆದ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು.

ಆದರೂ ಮೂರನೆಯದೋ ನಾಲ್ಕನೆಯದೋ ರೋಗಿಯಲ್ಲಿ ಮಟ್ಟವನ್ನೇ ತಪ್ಪಿದೆ. ಸಿ6 (ಕುತ್ತಿಗೆಯ ಆರನೆಯ ಮೂಳೆ) ಎಂದುಕೊಂಡದ್ದು ಸಿ5 ಎಂದು ಸಿ-ಆರ್ಮ್ ಹೇಳಿತು. ಅಂದಿನಿಂದ ಕೆಳಗಿನಿಂದಲೇ ಎಣಿಸುತ್ತೇನೆ: ಮುಂದಿನ ಗುಬುಟು ಇಲ್ಲದ್ದು ಸಿ7, ಅದರ ಮೇಲೆ ಚೂಪು ಗುಬುಟಿನದು ಸಿ6. ಸಿ7ರಲ್ಲಿ ವರ್ಟೀಬ್ರಲ್ ಅಪಧಮನಿ ಸಾಮಾನ್ಯವಾಗಿ ನರಮೂಲದ ಮುಂದೆಯೇ ಬಯಲಾಗಿರುತ್ತದೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಹಾಕದೆ ಸೂಜಿ ಎತ್ತಬೇಡಿ. ಒಬ್ಬ ಬಸ್ ಚಾಲಕರಿಗೆ ನರಮೂಲದ ಹಿಂಬದಿಗೇ ಸಣ್ಣ ನಾಳವೊಂದು ಮಿಡಿಯುತ್ತಿತ್ತು. ಹಳೆಯ ರೀತಿಯಲ್ಲಿ ನಾನು ಗುರಿಯಿಡುತ್ತಿದ್ದುದು ಸರಿಯಾಗಿ ಅಲ್ಲಿಗೇ.

ಆದರೆ ನರ ಹೊರಬರುವ ಮೂಳೆಯ ರಂಧ್ರದ ಒಳಗೆ ಅಲ್ಟ್ರಾಸೌಂಡ್ ಕುರುಡು. ಹಾಗಾಗಿ ಸೂಜಿ ಕೂರಿಸುವುದು ಪ್ರೋಬ್ ಹಿಡಿದು, ಅರ್ಧ ಎಂ.ಎಲ್. ಕಾಂಟ್ರಾಸ್ಟ್ ಹರಿಯುವುದನ್ನು ನೋಡುವುದು ಲೈವ್ ಸಿ-ಆರ್ಮ್‌ನಲ್ಲಿ. ಮೊದಲು ನಲವತ್ತು ಸೆಕೆಂಡ್ ತಿನ್ನುತ್ತಿದ್ದ ಕಿರಣ ಈಗ ಹತ್ತರ ಒಳಗೆ. ಕತ್ತಿನ ಕೆಳಗೆ ಟವೆಲ್ಲನ್ನು ಮಡಚಿಡುವ ಒಂದು ರೀತಿ ಇದೆ, ಸೂಜಿಯ ತುದಿ ಕಳೆದುಹೋಗುವುದೇ ಇಲ್ಲ. ಅದನ್ನು ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಹೀಗೆ ಮಾಡಿದ ಬ್ಲಾಕ್‌ಗಳು ಇನ್ನೂರರ ಹತ್ತಿರ ಆಗಿರಬೇಕು. ಇಬ್ಬರು ತಲೆಸುತ್ತಿ ಬಿದ್ದರು, ಒಬ್ಬರ ಕೈ ಸಂಜೆಯವರೆಗೆ ಜೋಮು ಹಿಡಿದಿತ್ತು. ಹುಮ್ಮಸ್ಸಿನಲ್ಲಿ ಸೊಂಟಕ್ಕೂ ಇದನ್ನೇ ಮಾಡಹೊರಟೆ. ತೊಂಬತ್ತೈದು ಕಿಲೋದ ಹೋಟೆಲ್ ಮಾಲೀಕರ ಬೆನ್ನಲ್ಲಿ ಅರ್ಧ ಗಂಟೆ ಹುಡುಕಿದರೂ ಬರೀ ಮೋಡ. ಸೊಂಟಕ್ಕೆ ಈಗಲೂ ಸಿ-ಆರ್ಮ್, ಸೀಸದ ಏಪ್ರನ್ನೇ ಗತಿ.