ಫ್ರಿಡ್ಜ್ ಹಿಂದೆ ಕೂತ ಬೆಕ್ಕು: ಹೊಸ ಮನೆಗೆ ಒಗ್ಗಿಸುವುದು ಹೇಗೆ?

ನಮ್ಮ ಮನೆಗೆ ಬಂಗುಡೆ ಬಂದಿದ್ದು ಜುಲೈ ತಿಂಗಳ ಒಂದು ಜಡಿಮಳೆಯ ಸಂಜೆ. ಮೀನಲ್ಲ, ಬೆಕ್ಕು. ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನೀರು ನಿಂತಿತ್ತು. ಒಂದು ಸ್ಕೂಟರಿನ ಸೀಟಿನ ಮೇಲೆ ಮುದುಡಿ ಕೂತಿತ್ತು. ಮೈಮೇಲೆ ಥೇಟ್ ಬಂಗುಡೆ ಮೀನಿನ ಗೀಟುಗಳು. ವಾಚ್‌ಮನ್ ಕೊಟ್ಟ ಹಳೇ ಟವೆಲಿನಲ್ಲಿ ಸುತ್ತಿ ಮೇಲೆ ತಂದೆ. ಹಾಲ್‌ನಲ್ಲಿ ಇಳಿಸಿದೆ. ಅಷ್ಟರಲ್ಲಿ ಎದುರು ಮನೆಯ ಮಕ್ಕಳು ಬಂದರು. ಅವರ ಹಿಂದೆ ಅವರಜ್ಜಿ ಬಂದರು. ಕುಂದಾಪುರದಿಂದ ಬಂದಿದ್ದ ನಮ್ಮತ್ತೆ ಹಾಲಿನ ಬಟ್ಟಲು ಹಿಡಿದು ಬಂದರು. ಕುಕ್ಕರ್ ಸೀಟಿ ಹೊಡೆಯಿತು. ಬೆಕ್ಕು ಮಾಯ.

ಫ್ರಿಡ್ಜ್ ಹಿಂದೆ ಹೊಕ್ಕಿತ್ತು. ಎರಡು ದಿನ ಅಲ್ಲಿಂದ ಕದಲಲಿಲ್ಲ. ನಾನು ಕೈ ಹಾಕಿ ಎಳೆಯಲು ಹೋಗಿ ನಾಲ್ಕು ಗೀರು ತಿಂದೆ, ಸಾಬೂನು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆದೆ, ರೇಬಿಸ್ ಇಂಜೆಕ್ಷನ್ನೂ ಚುಚ್ಚಿಸಿಕೊಂಡೆ. ಬೀದಿ ಬೆಕ್ಕು ಪರಚಿದರೂ ಕಚ್ಚಿದರೂ ಇದನ್ನು ಮಾತ್ರ ಸುಮ್ನೆ ಬಿಡಬೇಡಿ.

ಆ ಸಂಜೆ ನಾನು ಮಾಡಿದ್ದೆಲ್ಲ ತಪ್ಪು. ಅದಕ್ಕೇ ಈಗ ಸರಿಯಾದ ಕ್ರಮ ಹೇಳುವ ಧೈರ್ಯ.

ಮನೆಯನ್ನು ಚಿಕ್ಕದು ಮಾಡಿ

ಹೆದರಿದ ಬೆಕ್ಕಿಗೆ ಇಡೀ ಮನೆ ಕೊಡಬಾರದು. ಒಂದು ಕೋಣೆ ಸಾಕು. ಬೆಕ್ಕು ಮೊದಲು ಗುರುತು ಮಾಡಿಕೊಳ್ಳುವುದು ಜಾಗವನ್ನು, ಆಮೇಲೆ ಮನುಷ್ಯರನ್ನು. ವಾಸನೆ ನೋಡುತ್ತಾ, ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚುತ್ತಾ, ಇಂಚು ಇಂಚಾಗಿ ಜಾಗವನ್ನು ತನ್ನದು ಮಾಡಿಕೊಳ್ಳುತ್ತದೆ. ಜಾಗ ಚಿಕ್ಕದಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ. ಊರಿನ ತೊಟ್ಟಿ ಮನೆಯಲ್ಲಿ ತಿಂಗಳು ಹಿಡಿಯುವುದು ಒನ್ ಬಿಎಚ್‌ಕೆಯಲ್ಲಿ ವಾರಕ್ಕೇ ಆದೀತು. ಮುಂಬೈ ಮನೆ ಚಿಕ್ಕದು ಅಂತ ನೆಂಟರ ಮುಂದೆ ಗೊಣಗುವ ನಾವು ಈ ಒಂದು ವಿಷಯದಲ್ಲಿ ಖುಷಿ ಪಡಬಹುದು.

ಬೆಡ್‌ರೂಮ್ ಆದರೆ ಒಳ್ಳೆಯದು. ಅಡುಗೆಮನೆ ಬೇಡವೇ ಬೇಡ. ಅಲ್ಲಿ ಮಿಕ್ಸಿ, ಕುಕ್ಕರ್, ಬೆಳಿಗ್ಗೆ ಪಾತ್ರೆ ತೊಳೆಯಲು ಬರುವ ಬಾಯಿ, ಅಂದರೆ ಮನೆಕೆಲಸದಾಕೆ. ಮನುಷ್ಯರ ಕಿವಿಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ಬೆಕ್ಕಿಗೆ 60 ಸಾವಿರ ದಾಟಿದ್ದೂ ಕೇಳುತ್ತದೆ. ಬರೀ ಒಂದು ರೂಮಿನಲ್ಲಿ ಸಂಸಾರ ಮಾಡುವವರು ಹಾಲ್‌ನ ಒಂದು ಮೂಲೆಗೆ ಮಂಚ, ಕುರ್ಚಿ ಅಡ್ಡ ಇಟ್ಟು, ಮೇಲೆ ಸೀರೆ ಇಳಿಬಿಟ್ಟರೂ ನಡೆಯುತ್ತದೆ.

ಬೆಕ್ಕು ಬರುವ ಮೊದಲು ಸಂದಿಗಳನ್ನು ಮುಚ್ಚಿ. ಫ್ರಿಡ್ಜ್ ಹಿಂದೆ, ವಾಷಿಂಗ್ ಮೆಷಿನ್ ಹಿಂದೆ, ಕಪಾಟಿನ ಮೇಲೆ, ಮಂಚದ ಕೆಳಗಿನ ಬಾಕ್ಸ್. ತಲೆ ತೂರುವ ಜಾಗದಲ್ಲಿ ಬೆಕ್ಕು ಪೂರ್ತಿ ತೂರುತ್ತದೆ ಅಂತ ಲೆಕ್ಕ ಹಾಕಿ. ಹಾಗಂತ ಅಡಗುವ ಜಾಗವೇ ಇಲ್ಲದಂತೆ ಮಾಡಬೇಡಿ. ನೀವು ಆರಿಸಿದ ಜಾಗದಲ್ಲಿ ಅಡಗಲಿ ಅಷ್ಟೆ. ಕಿರಾಣಿ ಅಂಗಡಿಯಿಂದ ಒಂದು ರಟ್ಟಿನ ಡಬ್ಬ ತನ್ನಿ. ಎರಡು ಕಡೆ ತೂತು ಕೊರೆಯಿರಿ, ಒಂದು ಕಡೆಯಿಂದ ಯಾರಾದರೂ ಬಂದರೆ ಇನ್ನೊಂದು ಕಡೆಯಿಂದ ಜಾರಬಹುದು ಎಂಬ ಧೈರ್ಯ ಅದಕ್ಕಿರಲಿ. ಒಳಗೆ ಹಳೇ ಕಾಟನ್ ಸೀರೆ ಹಾಸಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಕೆಲವು ಬೆಕ್ಕುಗಳಿಗೆ ಡಬ್ಬ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಡಬ್ಬ ಸಿಕ್ಕ ಬೆಕ್ಕುಗಳ ಗಾಬರಿ ಮೊದಲ ಕೆಲವು ದಿನಗಳಲ್ಲೇ ಇಳಿದಿತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಸಾವಿರಾರು ರೂಪಾಯಿಯ ಬೆಕ್ಕಿನ ಹಾಸಿಗೆ ಕೊಂಡು, ಅದು ಬಂದ ಡಬ್ಬದಲ್ಲೇ ಬೆಕ್ಕು ಮಲಗಿದ್ದನ್ನು ನೋಡಿದವರಿಗೆ ಇದೇನೂ ಹೊಸತಲ್ಲ.

ಇನ್ನು ಕಿಟಕಿ. ಗ್ರಿಲ್ ಇದೆಯಲ್ಲ ಅಂತ ಸುಮ್ಮನಿರಬೇಡಿ, ಗ್ರಿಲ್ ಸಂದಿ ಬೆಕ್ಕಿಗೆ ಬಾಗಿಲು. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ಕಚ್ಚಿ ಹರಿಯುವ ಬೆಕ್ಕುಗಳಿವೆ. ತಂತಿ ಜಾಲರಿ ಹಾಕಿಸಿದರೆ ನೆಮ್ಮದಿ. 'ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ಬೀಳುತ್ತದೆ' ಎನ್ನುವವರು ನಮ್ಮ ಬಿಲ್ಡಿಂಗಿನಲ್ಲೂ ಇದ್ದಾರೆ. 1987ರಲ್ಲಿ ನ್ಯೂಯಾರ್ಕ್‌ನ ಪ್ರಾಣಿ ವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಬರೆದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಹೆಚ್ಚಿನವು ಬದುಕಿದವು ನಿಜ. ಆದರೆ ಎದೆಗೆ ಪೆಟ್ಟು, ಮುರಿದ ಕಾಲು, ಒಡೆದ ಹಲ್ಲು ಧಾರಾಳ. ಆಸ್ಪತ್ರೆಯವರೆಗೆ ಬರದೇ ಹೋದ ಬೆಕ್ಕುಗಳು ಆ ಲೆಕ್ಕದಲ್ಲೇ ಇಲ್ಲ.

ತರುವ ಮೊದಲು ಒಂದು ಪ್ರಶ್ನೆ

ಬೀದಿಯಿಂದ ತರುವುದಾದರೆ ವಾಚ್‌ಮನ್, ಮೀನಿನವಳು, ಇಸ್ತ್ರಿಯವನು, ಇವರನ್ನು ಕೇಳಿ. ಯಾರದೋ ಮನೆಯ ಬೆಕ್ಕಿರಬಹುದು. ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಅದು ಗಾಯವಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಹೆಣ್ಣು ಬೆಕ್ಕಾದರೆ ಹೊಟ್ಟೆ ನೋಡಿ. ಮೊಲೆ ತುಂಬಿದ್ದರೆ ಎಲ್ಲೋ ಮರಿಗಳು ಕಾಯುತ್ತಿವೆ. ಆಗ ತಾಯಿಯನ್ನು ಒಂಟಿಯಾಗಿ ತರುವ ಹಾಗಿಲ್ಲ.

ಹತ್ತಿರವೇ ಆದರೂ ಕ್ಯಾರಿಯರ್‌ನಲ್ಲೇ, ಅಂದರೆ ಬೆಕ್ಕು ಒಯ್ಯುವ ಪೆಟ್ಟಿಗೆಯಲ್ಲೇ ತನ್ನಿ. ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹೊರಟು, ಸಿಗ್ನಲ್‌ನಲ್ಲಿ ಹಾರ್ನ್ ಕೇಳಿ ಬೆಕ್ಕು ಜಿಗಿದ ಕಥೆ ಪ್ರತಿ ಕಾಲೊನಿಯಲ್ಲೂ ಒಂದಿರುತ್ತದೆ. ಕ್ಯಾರಿಯರ್ ಮೇಲೆ ಟವೆಲ್ ಹೊದಿಸಿ. ಕೋಣೆಗೆ ತಂದು, ಬಾಗಿಲು ಹಾಕಿ, ಆಮೇಲೆ ಕ್ಯಾರಿಯರ್ ತೆರೆಯಿರಿ. ನೀವು ಎದ್ದು ಹೋಗಿ. ಕ್ಯಾರಿಯರನ್ನು ಅಲ್ಲಿಂದ ತೆಗೆಯಬೇಡಿ, ಬೆಕ್ಕು ಒಳಗೇ ಮಲಗಿದರೆ ಮಲಗಲಿ. ಮುಂದೆ ಡಾಕ್ಟರ್ ಹತ್ತಿರ ಒಯ್ಯುವಾಗ ಅದೇ ಪೆಟ್ಟಿಗೆಗೆ ತಾನೇ ಹೊಕ್ಕರೆ ನಿಮ್ಮ ಕೈಗೆ ಕ್ಷೇಮ.

ಮರಳು, ನೀರು, ಊಟ

ಮರಳಿನ ಟ್ರೇ ಒಂದು ಮೂಲೆಯಲ್ಲಿ, ಊಟ ಅದರ ಎದುರು ಮೂಲೆಯಲ್ಲಿ. ಊಟದ ಪಕ್ಕ ಕಕ್ಕಸು ಇದ್ದರೆ ನಮಗೂ ಸೇರುವುದಿಲ್ಲ, ಅಲ್ವಾ? ಟ್ರೇ ಅಗಲವಾಗಿರಲಿ, ಲಿಟರ್, ಅಂದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಳು, ಎರಡು ಮೂರು ಇಂಚು ತುಂಬಿ. ಸುವಾಸನೆ ಹಾಕಿದ ಲಿಟರ್ ಮನುಷ್ಯರ ಮೂಗಿಗಾಗಿ ಮಾಡಿದ್ದು, ಅದು ಬೇಡ. ಬೀದಿಯಲ್ಲಿ ಬೆಳೆದ ಬೆಕ್ಕು ಮೊದಲು ಲಿಟರನ್ನು ಗುರುತಿಸದೆ ಇರಬಹುದು. ನಾವು ಕುಂಡದ ಮಣ್ಣನ್ನು ಒಂದು ಹಿಡಿ ಮೇಲೆ ಉದುರಿಸಿದೆವು. ಬಂಗುಡೆಗೆ ಅರ್ಥವಾಯಿತು. ಕುಂಡದ ಮಣ್ಣೂ ಲಿಟರೇ ಅಂತ ಅರ್ಥವಾಗಿದ್ದು ಬೇರೆ ತಲೆನೋವು.

ಹಾಲಿನ ವಿಷಯದಲ್ಲಿ ಅತ್ತೆ ಮತ್ತು ನನಗೆ ಜಗಳವೇ ಆಯಿತು. "ಬೆಕ್ಕಿಗೆ ಹಾಲು ಕೊಡದೆ ಮತ್ತೆಂತ ಕೊಡ್ತಿ ಮಾರಾಯ್ತಿ?" ಅಂದರು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮೊದಲೇ ಹೆದರಿದ ಪ್ರಾಣಿಗೆ ಅದೊಂದು ಕಷ್ಟ ಏಕೆ? ಮುಂಚೆ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಕೊಡಿ. ಬದಲಾಯಿಸುವುದಿದ್ದರೆ ಆಮೇಲೆ, ಸ್ವಲ್ಪ ಸ್ವಲ್ಪವಾಗಿ. ಬೇಯಿಸಿದ ಮೀನು, ಕೋಳಿ ಕೊಟ್ಟರೆ ಮುಳ್ಳು, ಮೂಳೆ ತೆಗೆದು, ಉಪ್ಪು ಖಾರ ಇಲ್ಲದೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಹಾಗಾಗಿ ಸಾರಿನಲ್ಲಿ ಅದ್ದಿದ ತುಂಡು ಬೇಡ. ಊಟ ಸ್ವಲ್ಪ ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ವಾಸನೆ ಎದ್ದರೆ ಹಸಿವೂ ಏಳುತ್ತದೆ.

ಹಗಲಿಡೀ ತಿನ್ನದೆ ರಾತ್ರಿ ಎಲ್ಲರೂ ಮಲಗಿದ ಮೇಲೆ ತಟ್ಟೆ ಖಾಲಿ ಮಾಡಿದರೆ ಚಿಂತೆ ಇಲ್ಲ. ಒಂದು ಪೂರ್ತಿ ದಿನ ಏನೂ ಮುಟ್ಟದಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ದಿನದವರೆಗೆ ಕಾಯಬೇಡಿ. ಬೆಕ್ಕು ಉಪವಾಸ ಇದ್ದರೆ ಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು, ದಪ್ಪ ಬೆಕ್ಕಿಗಂತೂ ಅಪಾಯ ಜಾಸ್ತಿ. ಮರಿಯಾದರೆ ಇನ್ನೂ ಬೇಗ ಹೋಗಬೇಕು. ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತು ಮುಕ್ಕರಿದರೂ ಮೂತ್ರ ಬರದಿದ್ದರೆ ಆ ಗಳಿಗೆಯಲ್ಲೇ ಹೊರಡಿ, ಮಧ್ಯರಾತ್ರಿಯಾದರೂ ಸರಿ.

ಬೆನ್ನು ಹಾಕಿ ಕೂರಿ

ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಿದೆಯಲ್ಲ? ಒಂದೇ ಸಲ ಕುದಿಯುವ ಹಾಲಿಗೆ ಬಾಯಿಟ್ಟು, ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಕಥೆ ತಮಾಷೆಯದು, ಆದರೆ ಬೆಕ್ಕು ಕಲಿಯುವ ರೀತಿ ಹಾಗೇ. ಮಂಚದ ಕೆಳಗಿನಿಂದ ಒಮ್ಮೆ ಎಳೆದು ತೆಗೆದರೆ ನಿಮ್ಮ ಕೈಯೇ ಬಿಸಿ ಹಾಲು. ಪೊರಕೆ ಹಿಡಿದು ತಳ್ಳಿದರೆ ಪೊರಕೆ ಕಂಡಾಗಲೆಲ್ಲ ಓಟ.

ಹಾಗಾದರೆ ಏನು ಮಾಡಬೇಕು? ದಿನಕ್ಕೆ ಎರಡು ಮೂರು ಸಲ ಕೋಣೆಗೆ ಹೋಗಿ ನೆಲದ ಮೇಲೆ ಕೂರಿ, ಬೆಕ್ಕಿಗೆ ಬೆನ್ನು ಅಥವಾ ಪಕ್ಕ ಮಾಡಿ. ನಾನು ಪೇಪರನ್ನು ಮೆಲ್ಲಗೆ ಓದುತ್ತಿದ್ದೆ, ಷೇರುಪೇಟೆಯನ್ನೂ ಬಿಡದೆ. ದನಿ ಪರಿಚಯವಾಗುತ್ತದೆ, ಬೇಡಿಕೆ ಏನೂ ಇರುವುದಿಲ್ಲ. ದಿಟ್ಟಿಸಿ ನೋಡಬೇಡಿ. ಬೆಕ್ಕಿನ ಭಾಷೆಯಲ್ಲಿ ಅದು ಜಗಳಕ್ಕೆ ಕರೆದ ಹಾಗೆ. ಕಣ್ಣು ಕೂಡಿದರೆ ನಿಧಾನವಾಗಿ ರೆಪ್ಪೆ ಇಳಿಸಿ, ಅರೆಗಣ್ಣು ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಇದು ಅಜ್ಜಿ ಮದ್ದಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಮಾಲೀಕರು ಹೀಗೆ ಕಣ್ಣು ಮುಚ್ಚಿ ತೆರೆದಾಗ ಬೆಕ್ಕುಗಳೂ ಹಾಗೇ ಮಾಡಿದವು, ಗುರುತಿಲ್ಲದವರು ಮಾಡಿದಾಗ ಅವರ ಹತ್ತಿರ ಬರುವ ಒಲವೂ ಹೆಚ್ಚಿತು.

ಬಂಗುಡೆ ಐದನೇ ದಿನ ಡಬ್ಬದ ತೂತಿನಿಂದ ಕಣ್ಣು ಮುಚ್ಚಿ ತೆರೆಯಿತು. ನಮ್ಮತ್ತೆ ಅದನ್ನು "ನಿದ್ದೆ" ಅಂದರು.

ಹತ್ತಿರ ಬಂದಾಗ ಕೈ ಚಾಚಬೇಡಿ. ಒಂದು ಬೆರಳನ್ನು ಅದರ ಮೂಗಿನ ಮಟ್ಟದಲ್ಲಿ ಸ್ವಲ್ಪ ದೂರ ಹಿಡಿದರೆ ಸಾಕು, ಮೂಸಲಿ. ಕೆನ್ನೆ ಉಜ್ಜಿದರೆ ನೀವೂ ಕೆನ್ನೆ, ಗಲ್ಲ ಸವರಿ, ಮೂರೆಣಿಸಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ. ಹೊಟ್ಟೆ ತೋರಿಸಿ ಮಲಗಿದ್ದು ನಂಬಿಕೆ, ಮುಟ್ಟಲು ಕರೆಯಲ್ಲ. ಬಾಲ ಪಟಪಟ ಹೊಡೆದರೆ, ಕಿವಿ ಹಿಂದಕ್ಕೆ ಮಲಗಿದರೆ ಎದ್ದು ಹೋಗಿ. ಗುರ್‌ಗುರ್ ಅಂದ ಮಾತ್ರಕ್ಕೆ ಖುಷಿ ಅಂತಲೂ ಅಲ್ಲ, ನೋವಿದ್ದಾಗಲೂ ಹೆದರಿದಾಗಲೂ ಬೆಕ್ಕು ಗುರ್‌ಗುಟ್ಟುತ್ತದೆ. ಆಟಕ್ಕೆ ಕಡ್ಡಿಯ ತುದಿಗೆ ದಾರ ಕಟ್ಟಿ ಎಳೆಯಿರಿ, ಆಡಿ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಬಾಯಿ ಬಂದಾಗ, ಗಣಪತಿ ಬಂದಾಗ

ನೆಲ ಒರೆಸುವ ಫಿನೈಲ್ ಬೆಕ್ಕಿಗೆ ಅಪಾಯ. ಫೀನಾಲ್ ಜಾತಿಯ ರಾಸಾಯನಿಕವನ್ನು ಅದರ ಲಿವರ್ ಸರಿಯಾಗಿ ಅರಗಿಸುವುದಿಲ್ಲ, ಕಾಲಿಗೆ ಹತ್ತಿದ್ದನ್ನು ನೆಕ್ಕಿಯೇ ಒಳಗೆ ಹೋಗುತ್ತದೆ. ಮನೆಕೆಲಸದ ಬಾಯಿಗೆ ಮೊದಲ ದಿನವೇ ಹೇಳಿ, ಆ ಕೋಣೆಗೆ ಬಿಸಿನೀರು ಸಾಕು. ನುಸಿ ಗುಳಿಗೆ, ಕರ್ಪೂರ ಎಟುಕದ ಕಡೆ ಇಡಿ. ದಾದರ್ ಹೂವಿನ ಮಾರುಕಟ್ಟೆಯಿಂದ ಲಿಲ್ಲಿ ತರಬೇಡಿ, ಅದರ ಪರಾಗವೂ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ. ಜ್ವರ ಇರಬೇಕು ಅಂತ ನಮ್ಮ ಪ್ಯಾರಾಸಿಟಮಾಲ್ ಚೂರು ಕೊಟ್ಟರೂ ಬೆಕ್ಕು ಸಾಯಬಹುದು.

ಮೊದಲ ವಾರದಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಿ: ಜಂತಿನ ಔಷಧಿ, ಲಸಿಕೆ, ರೇಬಿಸ್ ಚುಚ್ಚುಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಹೆಸರಿನ ಪ್ರಾಣಿ ಆಸ್ಪತ್ರೆ 19ನೇ ಶತಮಾನದಿಂದಲೂ ಇದೆ. ಮನೆ ಹತ್ತಿರದ ಕ್ಲಿನಿಕ್ ಆದರೆ ಬೆಕ್ಕಿಗೆ ಪ್ರಯಾಣ ಕಡಿಮೆ.

ಸೊಸೈಟಿಯವರು ತಕರಾರು ತೆಗೆದರೆ, ಸಾಕುಪ್ರಾಣಿಯನ್ನು ನಿಷೇಧಿಸುವ ಹಾಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಮೆತ್ತಗೆ ಹೇಳಿ ತೋರಿಸಿ.

ಸಾಧ್ಯವಾದರೆ ಗಣೇಶೋತ್ಸವ, ದೀಪಾವಳಿಯ ಆಸುಪಾಸಿನಲ್ಲಿ ಹೊಸ ಬೆಕ್ಕು ತರಲೇಬೇಡಿ. ಢೋಲ್ ತಾಶಾದ ಸದ್ದಿಗೆ ಹಳೇ ಬೆಕ್ಕುಗಳೇ ಕಾಲು ಸುಟ್ಟ ಬೆಕ್ಕುಗಳಾಗುತ್ತವೆ. ತಂದಾಗಿದ್ದರೆ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿ, ಡಬ್ಬದ ಮೇಲೆ ದಪ್ಪ ಹೊದಿಕೆ ಹೊದಿಸಿ.

ಬಾಗಿಲು ತೆರೆಯುವ ದಿನ

ಮೂರು ದಿನ ಗಾಬರಿ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ನೆಲೆ ಅಂತ ಬೆಕ್ಕು ಸಾಕುವವರಲ್ಲಿ ಒಂದು ಲೆಕ್ಕವಿದೆ. ಕ್ಯಾಲೆಂಡರ್ ನೋಡಿಕೊಂಡು ಬದುಕುವ ಬೆಕ್ಕು ನಾನು ಕಂಡಿಲ್ಲ. ಕೋಣೆಯಲ್ಲಿ ನಿಮ್ಮೆದುರೇ ತಿಂದು, ಮೈ ನೆಕ್ಕಿಕೊಂಡು, ಬಾಲ ಎತ್ತಿ ಓಡಾಡಿದರೆ ಬಾಗಿಲು ತೆರೆಯಬಹುದು. ರಾತ್ರಿ ಊಟ ಮುಗಿದು ಕುಕ್ಕರ್, ಟಿವಿ, ಕಾಲಿಂಗ್ ಬೆಲ್ ಎಲ್ಲ ತಣ್ಣಗಾದ ಮೇಲೆ ತೆರೆಯಿರಿ. ಅರ್ಧ ಗಂಟೆ ಸಾಕು. ಕೋಣೆಗೆ ವಾಪಸ್ ಓಡುವ ದಾರಿ ತೆರೆದೇ ಇರಲಿ, ಅಡ್ಡ ಯಾರೂ ನಿಲ್ಲಬಾರದು. ಮನೆಯಲ್ಲಿ ಮೊದಲೇ ಒಂದು ಬೆಕ್ಕಿದ್ದರೆ ಇನ್ನಷ್ಟು ನಿಧಾನ. ಮುಖಾಮುಖಿಗೆ ಮುಂಚೆ ಇಬ್ಬರ ಹಾಸಿಗೆ ಬಟ್ಟೆ ಅದಲುಬದಲು ಮಾಡಿ, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಇಡಿ. ಟ್ರೇಗಳು ಬೆಕ್ಕುಗಳಿಗಿಂತ ಒಂದು ಹೆಚ್ಚಿರಲಿ.

ನಮ್ಮ ಬಂಗುಡೆ ಹತ್ತೊಂಬತ್ತನೇ ರಾತ್ರಿ ಹಾಲ್‌ಗೆ ಬಂತು. ಗೋಡೆ ಹಿಡಿದು ಸುತ್ತಿತು, ಶೂ ಸ್ಟ್ಯಾಂಡ್ ಮೂಸಿತು, ಅತ್ತೆ ಕೂತ ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜಿತು. ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದರು, ಕೈಯಲ್ಲಿ ಹಾಲಿನ ಬಟ್ಟಲಿರಲಿಲ್ಲ. ಆಮೇಲೆ ಅದು ನೇರ ಅಡುಗೆಮನೆಗೆ ಹೋಗಿ, ಫ್ರಿಡ್ಜ್ ಪಕ್ಕದ ಸಂದಿಗೆ ನಾನು ಅಡ್ಡ ಇಟ್ಟಿದ್ದ ಹಲಗೆಯನ್ನು ಬಹಳ ಹೊತ್ತು ಮೂಸಿತು. ಆ ಹಲಗೆಯನ್ನು ನಾನು ಇನ್ನೂ ತೆಗೆದಿಲ್ಲ.